ಘಟ್ಟಕ್ಕೆ ಹೆದರಿದ ಡ್ರೈವರ್ ಕಾಕಾ

ಮೊನ್ನೆ ಅಡುಗೆಮನೆಯಲ್ಲಿ ಗ್ಯಾಸಿನ ವಾಸನೆ ಬಂದಂತಾಯಿತು. ಬಟ್ಟೆ ಸಾಬೂನನ್ನು ಒಂದು ಬಟ್ಟಲಲ್ಲಿ ಕದಡಿ, ನೊರೆಯನ್ನು ರಬ್ಬರ್ ಪೈಪಿನ ಎರಡೂ ತುದಿಗೆ ಹಚ್ಚಿ, ಗುಳ್ಳೆ ಏಳುತ್ತದೆಯೇ ಎಂದು ನೆಲಕ್ಕೆ ಕೆನ್ನೆಯಿಟ್ಟು ನೋಡುತ್ತಿದ್ದೆ. ನನ್ನ ಗಂಡ ಬಾಗಿಲಲ್ಲಿ ನಿಂತು, "ಫೋನ್ ಹಚ್ಚಿದ್ರ ರಿಪೇರಿಯವರು ಬರ್ತಾರ, ನೀ ಯಾಕ ನೆಲ ನೆಕ್ಕಾಕತ್ತಿ?" ಎಂದರು. "ಕಾಕಾ ಹಿಂಗ ನೋಡಬೇಕಂತ ಹೇಳ್ಯಾರ" ಎಂದುಬಿಟ್ಟೆ. ಹೇಳಿದವರು ಹೋಗಿ ಮೂರು ವರ್ಷವಾಯಿತು ಎಂಬುದು ಮಾತು ಬಾಯಿಂದ ಬಿದ್ದ ಮೇಲೆ ಹೊಳೆಯಿತು. ಸಾಬೂನಿನ ಕೈಯನ್ನು ಸೆರಗಿಗೆ ಒರೆಸಿಕೊಂಡೆ.

ಕಾಕಾ ಎಂದರೆ ರಕ್ತಸಂಬಂಧವೇನಲ್ಲ. ನನ್ನ ತವರೂರು ಇಂಡಿಯಲ್ಲಿ ನಮ್ಮ ಎದುರು ಮನೆಯವರು. ಮೂವತ್ತೆರಡು ವರ್ಷ ಸರ್ಕಾರಿ ಬಸ್ಸು ಓಡಿಸಿದವರು. ಓಡಿಸಿದ್ದೆಲ್ಲ ಇಂಡಿ, ಹೊರ್ತಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ, ಇಷ್ಟರೊಳಗೇ. ನಮ್ಮ ಸೀಮೆಯ ನೆಲ ಬಡಿದ ರೊಟ್ಟಿಯಷ್ಟು ಸಮ. ಅಲ್ಲೊಂದು ಇಲ್ಲೊಂದು ಹಳ್ಳದ ಇಳುಕಲು ಬಂದರೆ ಕಾಕಾ ಗೇರು ತೆಗೆದು ನ್ಯೂಟ್ರಲ್ ಮಾಡಿ ಬಸ್ಸನ್ನು ಉರುಳಲು ಬಿಡುತ್ತಿದ್ದರು. ಬಸ್ಸು ತನ್ನಷ್ಟಕ್ಕೆ ಹೋಗುತ್ತಿತ್ತು, ಡೀಸೆಲ್ ಉಳಿಯುತ್ತಿತ್ತು. ಹೀಗೆ ಉಳಿಸಿದ್ದಕ್ಕೆ ಅವರಿಗೊಂದು ಗೋಡೆ ಗಡಿಯಾರ ಬಹುಮಾನವಾಗಿ ಬಂದಿತ್ತು. ಬಂದವರಿಗೆಲ್ಲ ಅದನ್ನು ತೋರಿಸುತ್ತಿದ್ದರು, ಅದು ಹತ್ತು ನಿಮಿಷ ಹಿಂದೆ ನಡೆಯುತ್ತದೆ ಎಂಬುದನ್ನು ಮಾತ್ರ ಹೇಳುತ್ತಿರಲಿಲ್ಲ.

ಅವರು ನಿವೃತ್ತರಾದ ವರ್ಷವೇ ಅವರ ಹೆಂಡತಿ ಕಾಕುವಿನ ಎಡಗಣ್ಣು ಮಸುಕಾಯಿತು. ಸಕ್ಕರೆ ಕಾಯಿಲೆ ಕಣ್ಣಿನ ನರಕ್ಕೆ ಇಳಿದಿತ್ತು. ವಿಜಯಪುರದ ಡಾಕ್ಟರು ಔಷಧ ಬರೆದುಕೊಟ್ಟು, ಬಲಗಣ್ಣೂ ಬಹಳ ದಿನ ಉಳಿಯಲಿಕ್ಕಿಲ್ಲ, ನೋಡಬೇಕಾದ್ದೇನಾದರೂ ಇದ್ದರೆ ನೋಡಿಕೊಳ್ಳಿ ಎಂದರಂತೆ. ಕಾಕು ಬಸ್ ನಿಲ್ದಾಣಕ್ಕೆ ಬರುವಷ್ಟರಲ್ಲಿ ಯೋಚಿಸಿ ಮುಗಿಸಿದ್ದರು. ಅವರಿಗೆ ಸಮುದ್ರ ನೋಡಬೇಕಿತ್ತು.

ರೈಲಿಗೆ ಹೋಗಿ ಬಂದಿದ್ದರೆ ನಾಲ್ಕು ದಿನದಲ್ಲಿ ಮುಗಿಯುತ್ತಿತ್ತು. ಆದರೆ ಜೀವಮಾನವೆಲ್ಲ ಊರ ಮಂದಿಯನ್ನು ಹೊತ್ತ ಡ್ರೈವರು ತನ್ನ ಹೆಂಡತಿಯನ್ನು ಮತ್ತೊಬ್ಬನ ಗಾಡಿಯಲ್ಲಿ ಕಳಿಸುವುದುಂಟೇ? ಸಿಂದಗಿಯಲ್ಲಿ ಶಾಲೆ ಮಕ್ಕಳನ್ನು ಹೊತ್ತು ಸುಸ್ತಾಗಿದ್ದ ಹಳೆಯ ಟೆಂಪೊ ಒಂದು ಮಾರಾಟಕ್ಕಿತ್ತು. ಕಾಕಾ ಅದನ್ನು ತಂದು, ಸೀಟು ಕಿತ್ತು, ಎರಡು ಮಂಚ, ಒಂದು ಗ್ಯಾಸ್ ಒಲೆ, ತಲೆಯ ಮೇಲೊಂದು ನೀರಿನ ಟಾಕಿ, ಮಡಚುವ ಮೇಜು ಎಲ್ಲ ಕೂಡಿಸಿದರು. ಕಾಕುವಿನ ಸಕ್ಕರೆ ಪಥ್ಯಕ್ಕೆ ಹೊರಗಿನ ಊಟ ನಡೆಯುವುದಿಲ್ಲ, ಅದಕ್ಕೇ ಈ ಮನೆ ಎಂದರು. ಓಣಿಯ ಮಂದಿ ಅದಕ್ಕೆ ಗಾಲಿ ಮನೆ ಎಂದೇ ಹೆಸರಿಟ್ಟರು.

ಅಲ್ಲಿಂದ ಶುರುವಾಯಿತು ಕಾಕಾನ ಉಪದೇಶ. ನಿಂತ ಗಾಡಿ ಓಡುವ ಗಾಡಿಗಿಂತ ಬೇಗ ಕೆಡುತ್ತದೆ, ವಾರಕ್ಕೊಮ್ಮೆ ನಾಲ್ಕು ಮಾರು ಮುಂದೆ ಸರಿಸದಿದ್ದರೆ ಟಯರು ಕುಳಿತಲ್ಲೇ ಚಪ್ಪಟೆಯಾಗುತ್ತದೆ. ಗಾಡಿ ಹೊರಡುವ ಮುಂಚೆ ಸಿಲಿಂಡರಿನ ಬಾಯಿ ಬಂದ್ ಮಾಡಬೇಕು, ಒಲೆಯ ಕಿವಿ ತಿರುವಿದರೆ ಸಾಲದು. ಭಾರದ ಸಾಮಾನು ಕೆಳಗೆ, ಹಗುರದ್ದು ಮೇಲೆ. ಊರಿಂದ ಬಂದ ದಿನವೇ ಟಾಕಿಯ ನೀರು ಖಾಲಿ ಮಾಡಬೇಕು. ಗಾಡಿಯಲ್ಲಿ ಒಂದು ಹಿಡಿ ಜೋಳ ಚೆಲ್ಲಿದ್ದರೂ ಇಲಿ ಬರುತ್ತದೆ, ಜೋಳ ಮುಗಿದ ಮೇಲೆ ಅದು ವೈರು ತಿನ್ನುತ್ತದೆ. ಟಯರಿನ ಹಲ್ಲು ಸವೆದಿಲ್ಲವಲ್ಲ ಎಂದು ನಾನೊಮ್ಮೆ ಕೇಳಿದ್ದಕ್ಕೆ, "ಹಲ್ಲು ಗಟ್ಟಿ ಅದಾವಂತ ಮುದುಕನ್ನ ಕುಸ್ತಿಗೆ ಬಿಡ್ತಾರೇನ್ ತಂಗಿ? ಟಯರಿಗೂ ವಯಸ್ಸು ಐತಿ" ಎಂದು, ಅದರ ಪಕ್ಕೆಯಲ್ಲಿ ಒತ್ತಿದ ಇಸವಿಯನ್ನು ಬೆರಳಿಟ್ಟು ತೋರಿಸಿದರು. ಆಮೇಲೆ ನನ್ನ ಸ್ಕೂಟಿಯ ಟಯರನ್ನೂ ನೋಡಿ, ನಾನು ಇನ್ನೂ ಜೀವಂತ ಇರುವುದೇ ದೇವರ ದಯೆ ಎಂದರು.

ಸೋಮವಾರ ಗಾಡಿ ಹೊರಗೆ ಬರುತ್ತಿರಲಿಲ್ಲ. ನಮ್ಮ ಕಡೆ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ, ಬಸವಣ್ಣನ ದಿನ. ಬಸ್ಸು ಓಡಿಸುವಾಗ ಕಾಕಾಗೆ ಈ ನೇಮ ನಡೆಸಲು ಆಗಿರಲಿಲ್ಲವಂತೆ, ಈಗ ಸ್ವಂತ ಗಾಡಿ. ಬೆಳಗ್ಗೆ ಗಾಡಿಯ ಮೈ ತೊಳೆದು, ಮುಂದಿನ ಗಾಜಿಗೆ ವಿಭೂತಿ ಎಳೆದು, ಬ್ಯಾಟರಿಗೆ ನೀರು ಕುಡಿಸಿ, ಸಂದುಗೊಂದುಗಳಿಗೆ ಗ್ರೀಸು ಹಾಕುತ್ತಿದ್ದರು. ಕಾಕು ಕಟ್ಟೆಯ ಮೇಲೆ ಕುಳಿತು, "ನನ್ನ ಮೊಣಕಾಲೂ ಕಿರ್ ಅಂತಾವ್ರಿ, ಗ್ರೀಸ್ ಉಳದ್ರ ಈ ಕಡೆ ತರ್ರಿ" ಎನ್ನುತ್ತಿದ್ದರು.

ಇಷ್ಟೆಲ್ಲ ಆರೈಕೆಯಾದರೂ ಗಾಡಿ ಸಮುದ್ರದ ಕಡೆ ಹೊರಡಲಿಲ್ಲ. ಮೊದಲ ಸಲ ಹೊರಡುವ ದಿನ ರೇಡಿಯೇಟರಿನ ಪೈಪು ಮೆತ್ತಗಾಗಿದೆ ಎಂದರು. ಎರಡನೆಯ ಸಲ ಮೇಲಿನ ತಗಡಿನ ಬೆಸುಗೆಗೆ ಹತ್ತು ಕೊಡ ನೀರು ಸುರಿದು ನೋಡಿ, ಒಂದು ಹನಿ ಒಳಗೆ ಬಿತ್ತು ಎಂದು ರದ್ದು ಮಾಡಿದರು. ಅದು ಚಳಿಗಾಲ, ನಮ್ಮ ಕಡೆ ಮಳೆಗಾಲದಲ್ಲೇ ಮಳೆ ಬರುವುದು ಕಷ್ಟ! ಮೂರನೆಯ ಸಲ ಸ್ಟೆಪ್ನಿಯ ವಯಸ್ಸು ಮೀರಿತ್ತು. ಪ್ರತಿ ಸಲವೂ ಕಾಕು ದಾರಿಗೆಂದು ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ, ಕೆಂಪು ಚಟ್ನಿ ಮಾಡಿ ಗಂಟು ಕಟ್ಟುತ್ತಿದ್ದರು, ಪ್ರಯಾಣ ರದ್ದಾದ ಮೇಲೆ ಅದನ್ನು ಓಣಿಗೆ ಹಂಚುತ್ತಿದ್ದರು. ನಾಲ್ಕನೆಯ ಸಲ ಕಾಕು ರೊಟ್ಟಿ ಬಡಿಯುವ ಸಪ್ಪಳ ಕೇಳಿದ್ದೇ ತಡ, ಎಡಗಡೆ ಮನೆಯವರು ಅಡುಗೆ ಮಾಡುವುದನ್ನೇ ನಿಲ್ಲಿಸಿದರು. ಗಾಡಿ ಕೆಡಲಿ ಎಂದು ಯಾರಾದರೂ ಹರಕೆ ಹೊತ್ತಿದ್ದರೂ ನನಗೆ ಆಶ್ಚರ್ಯವಾಗುತ್ತಿರಲಿಲ್ಲ.

ಅಂದು ಬ್ರೇಕಿನ ಎಣ್ಣೆಯ ಬಣ್ಣ ಸರಿಯಿಲ್ಲ ಎಂದರು. ಎಲ್ಲರೂ ರೊಟ್ಟಿ ತಿನ್ನುತ್ತ ನಗುತ್ತಿದ್ದಾಗ ನಾನು ಬಾಯಿ ಹಾಕಿದೆ. "ಕುಣೀಲಾರದಾಕಿ ನೆಲ ಡೊಂಕ ಅಂದ್ಲಂತ ಕಾಕಾ. ಗಾಡಿ ಬರಂಗಿಲ್ಲೋ, ನೀವ ಬರಂಗಿಲ್ಲೋ?" ಓಣಿ ಗೊಳ್ಳೆಂದು ನಕ್ಕಿತು. ಕಾಕಾ ನಗಲಿಲ್ಲ, ಸಿಟ್ಟೂ ಆಗಲಿಲ್ಲ. ಬಟ್ಟೆಯಿಂದ ಕೈ ಒರೆಸಿಕೊಳ್ಳುತ್ತ ಒಳಗೆ ಹೋದರು. ಕಾಕು ಮಾತ್ರ ಅವರು ಹೋದ ಕಡೆಗೇ ತಮ್ಮ ಬಲಗಣ್ಣು ಕಿರಿದು ಮಾಡಿಕೊಂಡು ನೋಡುತ್ತಿದ್ದರು. ಅಷ್ಟು ಹೊತ್ತಿಗೆ ಡಾಕ್ಟರು ಹೇಳಿ ಒಂದು ವರ್ಷ ದಾಟಿತ್ತು, ಅಕ್ಕಿಯಲ್ಲಿನ ಕಲ್ಲು ಅವರಿಗೆ ಕಾಣುತ್ತಿರಲಿಲ್ಲ.

ಮಹಾನವಮಿಗೆ ಮುಂಚೆ ಕಾಕು ಒಂದು ಉಪಾಯ ತೆಗೆದರು. ಸಮುದ್ರ ಇರಲಿ, ಮೊದಲು ಮಸೂತಿ ಊರಿನಲ್ಲಿರುವ ತಮ್ಮ ಅಕ್ಕನ ಮನೆಗೆ ಹೋಗಿ ಬರೋಣ, ಗಾಡಿಯ ಪರೀಕ್ಷೆಯೂ ಆಗುತ್ತದೆ ಎಂದರು. ನನಗೆ ರಜೆ ಇತ್ತು, ನನ್ನನ್ನೂ ಹತ್ತಿಸಿಕೊಂಡರು. ದಾರಿಯಲ್ಲಿ ರೈಲು ಹಳಿಯ ಮೇಲಿನ ಸೇತುವೆ ಏರಿ ಇಳಿಯುವಾಗ ಎಂಜಿನ್ನಿನ ಸದ್ದು ತಟ್ಟನೆ ತಗ್ಗಿತು. ಕಾಕಾನ ಎಡಗೈ ಗೇರಿನ ಗುಂಡಿನ ಮೇಲಿತ್ತು. ಗಾಡಿ ಉರುಳುತ್ತಿತ್ತು. "ನ್ಯೂಟ್ರಲ್ ಮಾಡಿದ್ರೇನು?" ಎಂದು ಕಾಕು ಹಿಂದಿನಿಂದ ಕೇಳಿದರು. ಕಾಕಾ ತಮ್ಮ ಕೈಯನ್ನು ಬೇರೆಯವರ ಕೈ ನೋಡುವಂತೆ ನೋಡಿದರು. ಸೇತುವೆ ಇಳಿದ ಮೇಲೆ ಬೇವಿನ ಮರದಡಿ ಗಾಡಿ ನಿಲ್ಲಿಸಿ, ಹಿಂದಿನ ಗಾಲಿಗೆ ಕಲ್ಲು ಕೊಟ್ಟು ಬಂದು ಕುಳಿತರು. ಎಂಥ ಸಂಕಟದಲ್ಲೂ ಆ ಕಲ್ಲು ಕೊಡುವುದನ್ನು ಅವರು ಮರೆಯುತ್ತಿರಲಿಲ್ಲ.

"ನಾ ಹುಟ್ಟಿದಾಗಿಂದ ಒಂದ್ ಘಟ್ಟ ಇಳಿಸಿಲ್ಲ ತಂಗಿ" ಎಂದರು. "ಇಳಕಲ ಕಂಡ್ರ ಸಾಕು, ಈ ಕೈ ನನ್ನ ಕೇಳಂಗಿಲ್ಲ, ತಾನ ಹೋಗಿ ಗೇರ್ ತಗೀತೈತಿ. ಇಲ್ಲಿ ನಡೀತೈತಿ. ಘಟ್ಟದಾಗ ನ್ಯೂಟ್ರಲ್ ಬಿದ್ರ ಎಂಜಿನ್ ಗಾಡಿ ಹಿಡಿಯಂಗಿಲ್ಲ, ಬ್ರೇಕ್ ಒಂದ ಏನ್ ಮಾಡೀತು, ಕಾದು ಕೈ ಕೊಡತೈತಿ. ನಾ ಒಬ್ಬಾಂವ ಇದ್ರ ಹೋಗ್ತಿದ್ದೆ. ಇಕಿ ಹಿಂದ ಕುಂತಿರ್ತಾಳ..."

ನನಗೆ ನನ್ನ ಗಾದೆ ನೆನಪಾಗಿ ಮುಖ ಎಲ್ಲಿಡುವುದು ತಿಳಿಯಲಿಲ್ಲ. ಕಾಕು ಮಾತ್ರ ಸ್ವಲ್ಪವೂ ಗಾಬರಿಯಾಗಲಿಲ್ಲ. "ಮದಿವಿ ಆಗಿ ನಲವತ್ತು ವರ್ಷ ಆತು, ಒಂದಿನ ನೀವು ನನ್ನ ಮಾತು ಕೇಳಿಲ್ಲ. ಈಗ ನಿಮ್ಮ ಕೈ ನಿಮ್ಮ ಮಾತು ಕೇಳವಲ್ದು. ಚಲೋ ಆತು ಬಿಡ್ರಿ. ಆ ಕೈ ನನಗ ಬಿಡ್ರಿ, ನಾ ನೋಡ್ಕೋತೇನಿ." ಕಾಕಾ ಎದ್ದು ಹೋಗಿ ಗಾಲಿಯ ಕಲ್ಲು ತೆಗೆದರು. ಮಸೂತಿಯಲ್ಲಿ ಊಟ ಮಾಡಿ ಬಂದೆವು.

ಆಯುಧಪೂಜೆ, ಅಂದರೆ ನಮ್ಮ ಕಡೆಯ ಖಂಡೇ ಪೂಜೆಯ ದಿನ ಟೆಂಪೊಗೆ ಕುಂಬಳಕಾಯಿ ಒಡೆದು, ಮರುದಿನ ಬನ್ನಿ ಕೊಟ್ಟು, ಅದರ ಮರುದಿನ ನಾವು ಮೂವರು ಹೊರಟೆವು. ನಾನು ಫಲಕಗಳನ್ನು ಓದುವವಳು. ಕಾಕಾ ಜೀವ ಹೋದರೂ ಯಾರನ್ನೂ ದಾರಿ ಕೇಳುವವರಲ್ಲ. ಎಡಗಡೆ ಮನೆಯವರು ಮಧ್ಯಾಹ್ನದವರೆಗೆ ರೊಟ್ಟಿಗೆ ಕಾದಿದ್ದರಂತೆ.

ಯಲ್ಲಾಪುರ ದಾಟಿ ಘಟ್ಟ ಶುರುವಾಗುವ ಮುಂಚೆ ಕಾಕಾ ಗಾಡಿ ನಿಲ್ಲಿಸಿದರು. ನಾಲ್ಕೂ ಗಾಲಿ ಮುಟ್ಟಿ ನೋಡಿದರು, ಬ್ರೇಕು ಒತ್ತಿ ನೋಡಿದರು, ಡಬ್ಬಿಗಳ ಹಗ್ಗ ಜಗ್ಗಿ ನೋಡಿದರು. ಇನ್ನು ನೋಡುವುದಕ್ಕೆ ಏನೂ ಉಳಿಯದಿದ್ದಾಗ ಬಂದು ಕುಳಿತರು. ಆ ಗಾಡಿಯಲ್ಲಿ ಎಂಜಿನ್ನಿನ ಪೆಟ್ಟಿಗೆ ಡ್ರೈವರನ ಪಕ್ಕದಲ್ಲೇ. ಕಾಕು ಅದರ ಮೇಲೆ ಕೌದಿ ಮಡಚಿ ಹಾಕಿ ಕುಳಿತರು. ಕೈಯಲ್ಲಿ ಲಟ್ಟಣಿಗೆ ಇತ್ತು. ಚಪಾತಿ ಲಟ್ಟಿಸುವ ಗಟ್ಟಿ ಕಟ್ಟಿಗೆಯ ಲಟ್ಟಣಿಗೆ!

"ಎರಡನೇ ಗೇರಿಗೆ ಹಾಕ್ರಿ. ಇನ್ನ ಆ ಗುಂಡು ಮುಟ್ಟಿದ್ರ ನೋಡ್ರಿ."

ಮೊದಲ ತಿರುವಿನಲ್ಲೇ ಕೈ ಹೋಯಿತು. ಟಕ್! ಕಾಕಾ "ಯಪ್ಪಾ" ಎಂದರು, ಕೈ ಹಿಂದೆ ಬಂತು. ಎರಡನೆಯ ತಿರುವಿನಲ್ಲಿ ಮತ್ತೆ ಹೋಯಿತು, ಮತ್ತೆ ಟಕ್. ಎಂಜಿನ್ನು ಬೊಬ್ಬೆ ಹೊಡೆಯುತ್ತಿತ್ತು. ನಮ್ಮ ಹಿಂದೆ ಲಾರಿಗಳ ಸಾಲು ಬೆಳೆದು ಹಾರ್ನಿನ ಗದ್ದಲವೋ ಗದ್ದಲ. ದಾಟಿಹೋದ ಒಬ್ಬ ಲಾರಿ ಡ್ರೈವರು ಬೈಯಲೆಂದು ಕಿಟಕಿಯಿಂದ ತಲೆ ಹಾಕಿದವನು, ಹೆಂಡತಿ ಲಟ್ಟಣಿಗೆ ಎತ್ತಿದ್ದನ್ನೂ ಗಂಡ ಹಲ್ಲು ಕಚ್ಚಿ ಕುಳಿತದ್ದನ್ನೂ ಕಂಡು, ಬೈಯದೆ ಕೈ ಮುಗಿದು ಮುಂದೆ ಹೋದ. ನಾನು ಭಯಕ್ಕೂ ನಗೆಗೂ ನಡುವೆ ಸಿಕ್ಕಿ ಅಳುತ್ತಿದ್ದೆ. ಹನ್ನೊಂದು ಏಟು ಎಣಿಸಿದೆ. ಹನ್ನೊಂದನೆಯದರ ನಂತರ ಕಾಕು ಲಟ್ಟಣಿಗೆಯನ್ನು ಮಡಿಲಲ್ಲಿಟ್ಟು, ಸ್ಟಿಯರಿಂಗಿನ ಮೇಲಿದ್ದ ಆ ಕೈಯ ಮೇಲೆ ತಮ್ಮ ಕೈ ಇಟ್ಟರು. ಓಣಿಯಲ್ಲಿ ಇಷ್ಟು ವರ್ಷದಲ್ಲಿ ಅವರಿಬ್ಬರೂ ಕೈ ತಾಗಿಸಿದ್ದನ್ನು ಯಾರೂ ನೋಡಿರಲಿಲ್ಲ. ನಾನು ಕಿಟಕಿಯಾಚೆ ನೋಡಿದೆ. ಕೆಳಗೆ ನೆಲ ಸಮವಾಗುವವರೆಗೂ ಕೈ ಮತ್ತೆ ಗೇರಿಗೆ ಹೋಗಲಿಲ್ಲ.

ಸಮುದ್ರಕ್ಕೆ ಬಂದದ್ದು ಸಂಜೆ ನಾಲ್ಕಕ್ಕೆ. ಕಾಕು ಸೀರೆಯ ನಿರಿಗೆ ಎತ್ತಿಕೊಂಡು, ಅಲೆ ಪಾದ ಮುಟ್ಟುವಲ್ಲಿ ನಿಂತು ಬಲಗಣ್ಣಿನಿಂದ ಬಹಳ ಹೊತ್ತು ನೋಡಿದರು.

"ಇದಕ್ಕ ಆಚಿ ದಂಡಿ ಇಲ್ಲೇನ್ ತಂಗಿ?"

"ಇಲ್ರಿ ಕಾಕು, ಕಾಣಂಗಿಲ್ಲ."

ಬಗ್ಗಿ ಒಂದು ಬೊಗಸೆ ಬಾಯಿಗೆ ಹಾಕಿ ಥೂ ಎಂದು ಉಗುಳಿದರು. "ಹೊಟ್ಟಿಗೂ ಬರಂಗಿಲ್ಲ, ಹೊಲಕ್ಕೂ ಬರಂಗಿಲ್ಲ. ಇದರಕಿಂತ ನಮ್ಮ ಆಲಮಟ್ಟಿ ಹಿನ್ನೀರು ಚಲೋ." ಹಾಗೆಂದವರು ಕತ್ತಲಾಗುವವರೆಗೆ ಅಲ್ಲಿಂದ ಕದಲಲಿಲ್ಲ. ಕಾಕಾ? ಅವರು ಗಾಡಿಯ ಕೆಳಗೆ ಮಲಗಿದ್ದರು. ಉಪ್ಪು ಗಾಳಿಗೆ ತಳದ ಕಬ್ಬಿಣ ತುಕ್ಕು ಹಿಡಿಯುತ್ತದೆ, ನಾಳೆಯೇ ಸಿಹಿನೀರಿನಲ್ಲಿ ತೊಳೆಯಬೇಕು ಎಂದು ಅಲ್ಲಿಂದಲೇ ಕೂಗಿ ಹೇಳುತ್ತಿದ್ದರು. ನಾನು ಕೊಡದಲ್ಲಿ ನೀರು ತರಲು ಹೋದಾಗ ಬಗ್ಗಿ ನೋಡಿದೆ. ಬಲಗೈಯಿಂದ ಎಡಗೈ ತಿಕ್ಕಿಕೊಳ್ಳುತ್ತ, ಎರಡು ಗಾಲಿಗಳ ನಡುವಿನಿಂದ ನೀರಿನಂಚಿಗೆ ನಿಂತ ಕಾಕುವನ್ನು ನೋಡುತ್ತಿದ್ದರು...

ಮುಂದಿನ ಯುಗಾದಿಯ ಹೊತ್ತಿಗೆ ಕಾಕುವಿನ ಬಲಗಣ್ಣೂ ಆರಿತು. ಕಾಕಾ ಮೂರು ವರ್ಷದ ಹಿಂದೆ ಹೋದರು, ಎದೆನೋವು, ಒಂದೇ ದಿನ. ಎಲ್ಲ ಗಾಡಿಗಳ ಆರೋಗ್ಯ ಬಲ್ಲವರು ತಮ್ಮದನ್ನು ಒಮ್ಮೆಯೂ ತೋರಿಸಿಕೊಂಡಿರಲಿಲ್ಲ. ಅದಕ್ಕೆ ನನಗೆ ಇವತ್ತಿಗೂ ಅವರ ಮೇಲೆ ಸಿಟ್ಟಿದೆ. ಕಾಕು ಈಗ ಮುದ್ದೇಬಿಹಾಳದಲ್ಲಿ ಮಗಳ ಮನೆಯಲ್ಲಿ ಸುಖವಾಗಿದ್ದಾರೆ, ಮೊಮ್ಮಕ್ಕಳ ಮೇಲೆ ಮೊದಲಿನ ಹಾಗೇ ದರ್ಬಾರು ನಡೆಸುತ್ತಾರೆ.

ಪೈಪಿಗೆ ಸಾಬೂನು ಹಚ್ಚಿದ ವಾರವೇ ಹೋಗಿ ಅವರನ್ನು ನೋಡಿ ಬಂದೆ. ಮಾತು ಘಟ್ಟಕ್ಕೆ ಬಂತು, ಲಾರಿಯವನು ಕೈ ಮುಗಿದದ್ದನ್ನು ನೆನೆದು ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಗು ನಿಂತ ಮೇಲೆ, ಸಮುದ್ರ ಇನ್ನೂ ಕಣ್ಣಿಗೆ ಕಟ್ಟಿದೆಯೇ ಎಂದು ಕೇಳಿದೆ. ಕಾಕು ತಲೆಯಾಡಿಸಿದರು.

"ಅದು ಎಂದೋ ಅಳಿಸಿ ಹೋತು ತಂಗಿ. ನೀರಿನ ಬಣ್ಣ ಯಾವ್ದಿತ್ತು ಅಂತ ಸೈತ ನೆನಪಿಲ್ಲ. ಅವರ ಕೈ ಒಂದ ಕಾಣಸ್ತೈತಿ. ಕೆಂಪಗ ಬಾತಿತ್ತು ನೋಡು... ಅಷ್ಟ ಜೋರ ಹೊಡೀಬಾರದಾಗಿತ್ತು ನಾ."