ಬೀಸುಕಲ್ಲಿನ ಆಚೆ ಬದಿ

ಮೈಮೇಲೆ ಬರುವುದು, ಸತ್ತವರು ಮಾತಾಡುವುದು ಇವನ್ನೆಲ್ಲ ನಾನು ನಂಬುತ್ತಿರಲಿಲ್ಲ. ಪತ್ರಿಕೆಯ ಕೆಲಸದಲ್ಲಿ ಇಷ್ಟು ವರ್ಷ ಕಳೆದ ಮೇಲೆ ಯಾರೋ ಕಂಡೆ ಎಂದದ್ದನ್ನು ಹಾಗೆಯೇ ಅಚ್ಚಿಗೆ ಕೊಡುವ ಅಭ್ಯಾಸವೂ ನನಗಿಲ್ಲ. ಇದು ಮಾತ್ರ ನನಗೇ ಆದದ್ದು. ಆದಷ್ಟನ್ನೇ ಬರೆಯುತ್ತೇನೆ.

ಅರವತ್ತರ ದಶಕದ ಮೊದಲ ವರ್ಷಗಳು. ಹುಕ್ಕೇರಿಯ ನಾನು ಧಾರವಾಡದಲ್ಲಿ ಕನ್ನಡ ಎಂ.ಎ. ಎರಡನೆಯ ವರ್ಷದಲ್ಲಿದ್ದೆ. ಒಂದು ವಿಷಯದ ಪರೀಕ್ಷೆಯ ಬದಲು ಪ್ರಬಂಧ ಬರೆಯಲು ಅವಕಾಶವಿತ್ತು. ನಾನು ಬೀಸುವ ಪದಗಳನ್ನು ಆರಿಸಿಕೊಂಡೆ. ಊರ ಕಡೆ ಕೂಡಿಸಿದ್ದೆಲ್ಲ ಮೂರು ಸಾಲಿನ ಬಿಡಿ ನುಡಿಗಳು. "ಇಂಥವು ಎಲ್ಲರ ಹತ್ತಿರ ಇವೆ. ಇಡೀ ಒಂದು ಕಥೆಯ ಹಾಡು ತಂದರೆ ಪ್ರಬಂಧ, ಇಲ್ಲವಾದರೆ ಪರೀಕ್ಷೆಗೆ ಕೂಡು" ಎಂದರು ಗುರುಗಳು. ಪರೀಕ್ಷೆಗೆ ಓದಿಕೊಳ್ಳುವಷ್ಟು ದಿನ ಉಳಿದಿರಲಿಲ್ಲ. ವರ್ಷವೇ ಕೈತಪ್ಪುವುದಿತ್ತು.

ಮೂಡಲಗಿಯಲ್ಲಿ ಮಾಸ್ತರರಾಗಿದ್ದ ಸೋದರಮಾವ ಕುಲಗೋಡದ ಬಾಳವ್ವನ ಹೆಸರು ಹೇಳಿದರು. ಘಟಪ್ರಭೆಯ ಎರಡು ದಡಗಳಿಗೆ ಮದುವೆಯಾಗಿ ಹೋದ ಅಕ್ಕತಂಗಿಯರ ಹಾಡು ಅವಳಿಗೆ ಬರುತ್ತಿತ್ತಂತೆ. ಹೊಳೆ ತುಂಬಿದಾಗ ತಂಗಿ ಈ ದಡದಿಂದ ಕೇಳುತ್ತಾಳೆ, ಅಕ್ಕ ಆ ದಡದಿಂದ ಉತ್ತರ ಹೇಳುತ್ತಾಳೆ.

ಒಂದು ಮಧ್ಯಾಹ್ನ ಬಾಳವ್ವನ ಪಡಸಾಲೆಯಲ್ಲಿ ಹಾಳೆ, ಪೆನ್ಸಿಲ್ ಹಿಡಿದು ಕುಳಿತು ಹಾಡು ಹೇಳಿರಿ ಎಂದೆ. ಮುದುಕಿ ಬಾಯಿ ತೆರೆದಳು, ಒಂದು ಶಬ್ದವೂ ಹೊರಡಲಿಲ್ಲ. ಸೊಸೆ ಸುಂದ್ರವ್ವ ನಕ್ಕುಬಿಟ್ಟಳು.

"ಪದಾ ಅಂದ್ರ ಸಂತ್ಯಾಗಿನ ಕಾಯಿಪಲ್ಲೆ ಏನ್ರಿ, ಕೇಳಿದ ಕೂಡ್ಲೆ ತೂಗಿ ಕೊಡಾಕ? ಕೈಯಾಗ ಬೀಸೂ ಕಲ್ಲಿನ ಗೂಟ ಇದ್ರ ಬಾಯಾಗ ಪದಾ ಬರತಾವ."

ಊರಿಗೆ ಗಿರಣಿ ಬಂದ ಮೇಲೆ ಮೂಲೆ ಸೇರಿದ್ದ ಬೀಸುಕಲ್ಲನ್ನು ಹೊರತೆಗೆದು, ಒರೆಸಿ, ಜೋಳ ಹಾಕಿದರು. ಆಗ ಬಾಳವ್ವ ಒಂದು ಮಾತು ಹೇಳಿದಳು.

"ತಂಗಿ ಕೇಳೂ ನುಡಿ ನನ್ನವು. ಅಕ್ಕ ಹೇಳೂ ನುಡಿ ನಮ್ಮ ನೆಗೆಣ್ಣಿ, ಭಾವನ ಹೇಂತಿ ಕಾಶವ್ವಕ್ಕಂದು. ನನ್ನ ಎದುರಿಗೆ ಕುಂತು ಬೀಸಾಕಿ. ಹ್ವಾದ ವರ್ಷ ತೀರಿಕೊಂಡ್ಲು."

"ಅವೂ ನಿಮಗ ಬರತಾವಲ್ಲ ಆಯಿ?"

"ಕಿವ್ಯಾಗ ಅದಾವ. ಒಬ್ಬರ ಪಾಲಿನ ನುಡಿ ಇನ್ನೊಬ್ಬರು ಅನಬಾರದು ತಮ್ಮಾ. ನಾ ಅನ್ನೂದಿಲ್ಲ."

ಎಷ್ಟು ಬೇಡಿಕೊಂಡರೂ ಒಪ್ಪಲಿಲ್ಲ. ಅರ್ಧ ಹಾಡಾದರೂ ಸಿಗಲಿ ಎಂದುಕೊಂಡೆ. ಕಲ್ಲಿಗೆ ಇಬ್ಬರು ಬೇಕಿತ್ತು. "ನೀವ ಕೂಡ್ರಿ. ಎಂ.ಎ. ಓದಿದ ಕೈ ಹೆಂಗ ಬೀಸತಾವ ನೋಡೂನು" ಎಂದು ಸುಂದ್ರವ್ವ ಬಾಗಿಲಿಗೆ ಒರಗಿ ನಿಂತಳು. ನಾನು ಕಾಶವ್ವ ಕೂಡುತ್ತಿದ್ದ ಜಾಗದಲ್ಲಿ ಕುಳಿತು ಗೂಟ ಹಿಡಿದೆ.

ಕಲ್ಲು ಬಲು ಭಾರ. ಬಾಳವ್ವ ಒಂದು ನುಡಿ ಹಾಡಿ, ಕಾಶವ್ವನ ಉತ್ತರಕ್ಕೆ ಬೇಕಾದಷ್ಟು ಹೊತ್ತು ಸುಮ್ಮನೆ ಬೀಸುವಳು. ಆ ಖಾಲಿ ಹೊತ್ತಿನಲ್ಲಿ ನಾನು ಒಂದು ಕೈಯಿಂದ ತೊಡೆಯ ಮೇಲಿನ ಹಾಳೆಯಲ್ಲಿ ಗೀಚಿಕೊಳ್ಳುತ್ತಿದ್ದೆ. ಹೀಗೆ ಕೆಲವು ನುಡಿಗಳಾದವು.

ಒಮ್ಮೆಲೆ ಕಲ್ಲು ಹಗುರಾಯಿತು. ನಾನು ತಿರುಗಿಸುವುದು ಹೋಗಿ ಗೂಟವೇ ನನ್ನ ಕೈಯನ್ನು ಒಯ್ಯತೊಡಗಿತು. ಬಾಳವ್ವ ತನ್ನ ನುಡಿ ಮುಗಿಸಿದಳು. ನನ್ನ ಬಾಯಿ ತೆರೆಯಿತು, ನಾನು ಹಾಡಿದೆ. ಸ್ವರ ನನ್ನದೇ, ಗಂಡುಸ್ವರ. ಒಂದು ಶಬ್ದ ಹೊರಬೀಳುವಷ್ಟರಲ್ಲಿ ಮುಂದಿನದು ನಾಲಿಗೆಯ ಮೇಲೆ ಇರುತ್ತಿತ್ತು. ಅವಳು ಕೇಳುವಳು, ನಾನು ಹೇಳುವೆ. ಹೆದರಿಕೆಯಾಗಲಿಲ್ಲ. ಮಳೆಗಾಲದಲ್ಲಿ ಗೋಕಾಕ ಫಾಲ್ಸಿನ ಎದುರು ನಿಂತವನಿಗೆ ತಾನು ಎಷ್ಟು ಚಿಕ್ಕವನು ಎಂದು ತಿಳಿಯುತ್ತದಲ್ಲ, ಅಂಥ ಒಂದು ಭಾವನೆ. ಎಷ್ಟು ಹೊತ್ತು ಹಾಡಿದೆವೋ ಹೇಳಲಾರೆ.

ಕೊನೆಗೆ ಬಾಳವ್ವ ನಾನು ಕುಳಿತ ಜಾಗವನ್ನೇ ನೋಡುತ್ತ, "ಸಾಕ ಬಿಡ ಅಕ್ಕಾ, ಹಿಟ್ಟ ಸಣ್ಣ ಆತು" ಎಂದಳು. ಆ ಕ್ಷಣಕ್ಕೆ ಕಲ್ಲು ಮತ್ತೆ ಭಾರವಾಗಿ ನಿಂತಿತು.

ನಾನು ಹಾಳೆಗೆ ಕೈಹಾಕಿದೆ. ಈಗಷ್ಟೇ ಹಾಡಿದ್ದರಲ್ಲಿ ಒಂದು ಸಾಲೂ ನೆನಪಿರಲಿಲ್ಲ. ಸುಂದ್ರವ್ವನನ್ನು ಕೇಳಿದೆ. ಅವಳ ನಗು ಎಲ್ಲೋ ಹೋಗಿತ್ತು.

"ನನಗ ಮೈಯೆಲ್ಲ ಜುಮ್ ಅಂತು, ಪದಾ ಯಾವೂ ನೆಪ್ಪ ಉಳೀಲಿಲ್ರಿ. ಗುಬ್ಬಿ ಗುಬ್ಬಿ ಅಂತ ಕರದ್ರಿ, ಅದೊಂದ ಗೊತ್ತು. ಯಾರ್ರಿ ಗುಬ್ಬಿ?"

"ನಾನ ಯವ್ವಾ" ಎಂದಳು ಬಾಳವ್ವ, ಹಿಟ್ಟು ಬಳಿಯುತ್ತ. "ಬೀಸೂ ಮುಂದ ಅಕ್ಕ ನನ್ನ ಹಂಗ ಕರೀತಿದ್ಲು. ಮತ್ತ ಯಾರ ಮುಂದೂ ಕರದಾಕಿ ಅಲ್ಲ."

ಮರುದಿನ ಮತ್ತೆ ಕುಳಿತೆವು. ಅವಳ ನುಡಿಗಳನ್ನೆಲ್ಲ ಬರೆದುಕೊಂಡೆ. ಉತ್ತರದ ಹೊತ್ತಿನಲ್ಲಿ ಕಲ್ಲಿನ ಸದ್ದಷ್ಟೇ ಇತ್ತು.

ಚಿಕ್ಕಂದಿನಲ್ಲಿ ಹುಕ್ಕೇರಿಯಲ್ಲಿ ಕೇಳಿದ ಹಾಡೇ ನೆನಪಿನ ತಳದಿಂದ ಎದ್ದು ಬಂದಿರಬಹುದು ಎಂದು ನಾನೇ ವಾದ ಹೂಡಿದ್ದುಂಟು. ಹಾಡಿನ ಮಟ್ಟಿಗೆ ಆ ವಾದ ನಿಲ್ಲುತ್ತದೆ. ಗುಬ್ಬಿ ಎಂಬ ಹೆಸರಿಗೆ ನಿಲ್ಲುವುದಿಲ್ಲ.

ಬರೀ ಪ್ರಶ್ನೆಗಳಿದ್ದ ಆ ಹಾಡನ್ನೇ, ನಡುನಡುವೆ ಜಾಗ ಬಿಟ್ಟು, ಪ್ರಬಂಧಕ್ಕೆ ಸೇರಿಸಿದೆ. ಗುರುಗಳು ಮುಖ ಗಂಟಿಕ್ಕಿಕೊಂಡೇ ಸಹಿ ಮಾಡಿದರು. ಮೌಖಿಕ ಪರೀಕ್ಷೆಯಲ್ಲಿ ಪರೀಕ್ಷಕರು ಆ ಖಾಲಿ ಜಾಗಗಳ ಮೇಲೆ ಬೆರಳಿಟ್ಟರು.

"ಉತ್ತರದ ನುಡಿಗಳನ್ನು ಬಲ್ಲವರು ತೀರಿಕೊಂಡಿದ್ದರು" ಎಂದೆ.

"ಹಾಗಾದರೆ ನೀವು ಅವನ್ನು ಕೇಳಿಯೇ ಇಲ್ಲ?"

ಇಲ್ಲ ಎಂದರೆ ಸುಳ್ಳಾಗುತ್ತಿತ್ತು. ಕೇಳಿದ್ದೇನೆ ಎಂದರೆ, ಯಾರ ಬಾಯಿಂದ ಎನ್ನುತ್ತಿದ್ದರು. ನಾನು ಎರಡರಲ್ಲಿ ಒಂದನ್ನು ಆರಿಸುವ ಮೊದಲೇ ಅವರು ಪುಟ ತಿರುವಿದರು. ಎಂ.ಎ. ಆಯಿತು. ಆ ಪ್ರಶ್ನೆಗೆ ಏನು ಹೇಳಬೇಕಿತ್ತೋ, ನನಗೆ ಇನ್ನೂ ಗೊತ್ತಾಗಿಲ್ಲ.