ಹಂಡೆ ಎಂದು ಹೆಸರಿಟ್ಟವನು

ಕಳೆದ ಸೋಮವಾರ ಸಿದ್ದಾಪುರದ ಬಸ್ಸಿನಲ್ಲಿ ಹಿರಿಯರೊಬ್ಬರು ಮೊಮ್ಮಗನ ಮಾರ್ಕು ಹೇಳಲು ಶುರು ಮಾಡಿದರು. ಅರ್ಧ ದಾರಿ ಮುಗಿಯಿತು, ಮಾರ್ಕು ಮುಗಿಯಲಿಲ್ಲ. ಹಾವೇರಿ ಕಡೆಯ ಕಂಡಕ್ಟರ್ ಟಿಕೆಟ್ ಹರಿಯುತ್ತಲೇ ಹೇಳಿದ: "ಹಂಡೇರ, ಸ್ವಲ್ಪ ತಣ್ಣಗಾಗ್ರಿ. ನಮ್ಮ ಹಾರ್ನ್ ಯಾರಿಗೂ ಕೇಳವಲ್ದು."

ಬಸ್ಸೆಲ್ಲ ನಕ್ಕಿತು. ನಾನು ನಗಲಿಲ್ಲ. ಆ ಮಾತು ಹುಟ್ಟಿಸಿದವನು ನಾನೇ.

ಹಂಡೆ ಎಂದರೆ ಬಚ್ಚಲುಮನೆಯ ತಾಮ್ರದ ಪಾತ್ರೆ, ಸರಿ. ನಮ್ಮ ಶಿರಸಿಯಲ್ಲಿ ಈಗ ಅಷ್ಟಕ್ಕೇ ನಿಂತಿಲ್ಲ. ಬಾಯಿ ಮುಚ್ಚದವನು ಹಂಡೆ. ಮೈಕು ಸಿಕ್ಕಿದ ಪುಢಾರಿ ಜೋಡಿ ಹಂಡೆ. ಗಂಟೆ ಹೊಡೆದರೂ ಪಾಠ ಬಿಡದ ಮಾಸ್ತರರು ಉರಿ ಆರದ ಹಂಡೆ. ಹೆಂಡತಿಯೆದುರು ಸುಮ್ಮನಾಗುವವನು ತೂತು ಹಂಡೆ. (ಈ ಕೊನೆಯದು ನನ್ನದಲ್ಲ, ಕ್ಷೌರದಂಗಡಿಯದು.) ನನ್ನ ಹಾಗೆ ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟ ಎಷ್ಟು ದರ್ಜಿಗಳು ಒಂದಿಡೀ ಪೇಟೆಗೆ ಮಾತು ಹೊಲಿದುಕೊಟ್ಟಿದ್ದಾರೆ, ಹೇಳಿ?

ಮೊದಲ ಹಂಡೆ ನನ್ನ ಅಣ್ಣ.

ಪಂಕ್ತಿಯಲ್ಲಿ ಶ್ಲೋಕ ಹೇಳುವುದು ಅವನಿಗೆ ಪ್ರಾಣ. ನಮ್ಮಲ್ಲಿ ಊಟದ ನಡುವೆ ಒಬ್ಬರು ಶ್ಲೋಕ ಎತ್ತಿಕೊಂಡರೆ ಉಳಿದವರು ಕೈ ತಡೆಯುತ್ತಾರೆ. ಮುಗಿದಾಗ ಎಲ್ಲರೂ ಸೇರಿ "ಹರಹರ ಮಹಾದೇವ" ಎನ್ನುತ್ತಾರೆ. ಅದಕ್ಕಾಗಿ ಅಣ್ಣ ಬೆಳಗ್ಗೆ ಬಚ್ಚಲಿನಲ್ಲೇ ಪ್ರಾಕ್ಟೀಸ್ ಮಾಡುತ್ತಿದ್ದ. ಒಂದು ದಿನ ಚಹಾದಂಗಡಿಯಲ್ಲಿ ಅಂದೆ, "ಇವತ್ತು ನಮ್ಮನೆ ಹಂಡೆ ಆರು ಗಂಟೆಗೇ ಶುರು." ಗೆಳೆಯರು ನಕ್ಕರು. ನಕ್ಕರೆ ನಾನು ಅಲ್ಲಿಗೆ ಬಿಡುವವನೇ? ಮರುದಿನ ಇನ್ನೊಂದು ಸೇರಿಸಿದೆ. ನನ್ನ ಮಾತಿನ ಚಟ ನೋಡಿಯೇ ಈ ಪತ್ರಿಕೆಯ ಸಂಪಾದಕರು, ಅಂಗಿಯ ಅಳತೆ ಕೊಡುವಾಗ, ಅಂಕಣ ಬರೆಯಲು ಹೇಳಿದ್ದು. ಅಂದರೆ ಈ ಜಾಗವೂ ಹಂಡೆಯ ಕೃಪೆ.

ಎರಡು ವರ್ಷದ ಹಿಂದೆ ಯಲ್ಲಾಪುರದ ಕಡೆ ಒಂದು ಉಪನಯನ. ಅಣ್ಣ ನನ್ನ ಪಕ್ಕದ ಎಲೆಗೆ ಕೂತು ಶ್ಲೋಕ ಎತ್ತಿದ. ಎರಡು ಸಾಲು ಆಗಿತ್ತು. ಎದುರು ಪಂಕ್ತಿಯಿಂದ ಒಬ್ಬ ಹುಡುಗ, "ಹಂಡೆ ಕುದಿಯಲೆ ಶುರು ಆತು, ಯಾರಾದ್ರೂ ಬೆಂಕಿ ಹಿಂದೆ ಎಳಿರೋ" ಅಂದ. ನಗು ಎಲೆಯಿಂದ ಎಲೆಗೆ ದಾಟುತ್ತ ನಮ್ಮವರೆಗೂ ಬಂತು.

ಅಣ್ಣ ಮೂರನೇ ಸಾಲಿಗೆ ನಿಲ್ಲಿಸಿಬಿಟ್ಟ. ಅರ್ಧಕ್ಕೆ ನಿಂತ ಶ್ಲೋಕಕ್ಕೆ ಹರಹರ ಹೇಳುವುದು ಹೇಗೆ? ಯಾರಿಗೂ ಗೊತ್ತಾಗಲಿಲ್ಲ. ತಡೆದ ಕೈಗಳು ತಡೆದೇ ಇದ್ದವು. ಪಾಯಸದವನು ಸೌಟು ಹಿಡಿದು ನಿಂತೇ ಇದ್ದ. ಕೊನೆಗೆ ಮೊದಲ ತುತ್ತು ಬಾಯಿಗಿಟ್ಟವನು ನಾನು. ಅಣ್ಣನಿಗೆ ಮುಜುಗರ ಆಗಬಾರದು ಎಂದಲ್ಲ, ನಗು ಮುಚ್ಚಿಕೊಳ್ಳಲು.

ಅಂದಿನಿಂದ ಅಣ್ಣ ಪಂಕ್ತಿಯಲ್ಲಿ ಬಾಯಿ ತೆರೆಯುವುದು ಊಟಕ್ಕೆ ಮಾತ್ರ. ಯಾರಾದರೂ ಒತ್ತಾಯಿಸಿದರೆ "ಗಂಟಲು ಸರಿ ಇಲ್ಲೆ" ಎನ್ನುತ್ತಾನೆ. ಬಚ್ಚಲುಮನೆಯೂ ಸುಮ್ಮನಾಯಿತು. ಅಲ್ಲೀಗ ನೀರಿನದೊಂದೇ ಸದ್ದು.

ಬಸ್ಸಿನಲ್ಲಿ ಕೇಳಿದ್ದನ್ನು ಮನೆಯಲ್ಲಿ ಹೇಳಬಾರದಿತ್ತು. ಕಂಡಕ್ಟರ್ ಕಥೆ ಎಂದು ಹೆಂಡತಿಗೆ ಹೇಳುತ್ತಿದ್ದೆ, ಅಣ್ಣ ಜಗಲಿಯಿಂದ ಕೇಳಿಸಿಕೊಂಡ.

"ತಮಾ, ಆ ಹೆಸರು ಸಿದ್ದಾಪುರಕ್ಕೂ ಹೋತಾ?"

"ಹೋಜು ಕಾಣ್ತು."

"ನೀ ಪೇಪರಲ್ಲಿ ಬರೀತೆ ಅಲ್ದಾ? ಇದ್ನ ಶುರು ಮಾಡಿದಂವ ಯಾರು ಹೇಳಿ ಒಂದ್ಸಲ ಕೇಳು. ಬೈಯಡ ಮತ್ತೆ."

"ಸಿಕ್ಕಿದ್ರೆ ಎಂತ ಮಾಡ್ತೆ?"

"ಎಂತದೂ ಇಲ್ಲೆ. ಯನ್ನ ಸ್ವರ ಅಷ್ಟು ಹಾಳಾಗಿತ್ತಾ ಕೇಳವು. ಯಂಗೆ ಅಂದಾಜೇ ಆಜಿಲ್ಲೆ."

ಇಷ್ಟು ಹೇಳಿ ಅಡಿಕೆ ಕತ್ತರಿಸಲು ಕೂತ. ಯಾರಿರಬಹುದು ಎಂದು ನನ್ನನ್ನೇ ಎರಡು ಸಲ ವಿಚಾರಿಸಿದ. ಎರಡು ಸಲವೂ ನಾನು ಸೂಜಿಗೆ ದಾರ ಪೋಣಿಸಿದೆ. ಇಂಥ ಹೊತ್ತಿನಲ್ಲಿ ದರ್ಜಿ ಕೆಲಸ ಬಹಳ ಅನುಕೂಲ.

ಕೇಳಿದ್ದನ್ನು ಬರೆದಿದ್ದೇನೆ ಅಣ್ಣ. ಶುರು ಮಾಡಿದವನು ಸಿಕ್ಕಿದ್ದಾನೆ. ನಿನ್ನ ಸ್ವರ ಹಾಳಾಗಿರಲಿಲ್ಲ. ಚೆನ್ನಾಗಿಯೇ ಇತ್ತು, ನಾಲ್ಕು ಜನ ನಗುವುದು ನನಗೆ ಅದಕ್ಕಿಂತ ಚೆನ್ನಾಗಿ ಕೇಳಿಸಿತು.

ಒಂದು ತೊಡಕು ಉಳಿದಿದೆ. ಅಣ್ಣನ ಕಣ್ಣಿಗೆ ಪೊರೆ ಬಂದಿದೆ. ನನಗೆ ಅಕ್ಷರ ತಿದ್ದಿಸಿದವನಿಗೆ ಈಗ ಅಕ್ಷರ ಕಾಣುವುದಿಲ್ಲ. ಪ್ರತಿ ವಾರ ಪತ್ರಿಕೆ ಬಂದ ಕೂಡಲೇ ಈ ಅಂಕಣವನ್ನು ಅವನಿಗೆ ಗಟ್ಟಿಯಾಗಿ ಓದಿ ಹೇಳುವವನು ನಾನೇ.

ಈ ವಾರ ನನ್ನ ಗಂಟಲು ಸರಿ ಇರುತ್ತದೆಯೇ?