ನಾಲ್ಕು ಗಂಟೆಗೆ ಹಚ್ಚಿದ ದೀಪ

ಕರೆಂಟು ಹೋದಾಗ ನಾನು ಟಾರ್ಚನ್ನು ಬಂದವರ ಮುಖಕ್ಕೆ ಹಿಡಿದರೆ ನಮ್ಮಜ್ಜಿ ಕೈಮೇಲೆ ಪಟ್ಟನೆ ಹೊಡೆಯುತ್ತಿದ್ದಳು. “ಬೆಳಕು ಕಾಲಿಗೆ ಹಿಡೀಬೇಕೋ, ಮಾರಿಗಲ್ಲ. ಮಾರಿಗೆ ಹಿಡಿಯೋದು ಕಳ್ಳನ್ನ ಹುಡುಕೋ ಹೊತ್ತಿನಾಗ.” ಧಾರವಾಡ ಬಿಟ್ಟು ಮಗನ ನೌಕರಿಯ ಹಿಂದೆ ಅಹಮದಾಬಾದಿಗೆ ಬಂದ ಅಜ್ಜಿ ಅದು. ನನಗಿರುವ ಕನ್ನಡವೆಲ್ಲ ನವರಂಗಪುರದ ಒಂದು ಫ್ಲ್ಯಾಟಿನ ಅಡುಗೆಮನೆಯಲ್ಲಿ ಅವಳ ಬಾಯಿಂದ ಉದುರಿದ್ದು. ಬೆಳಕಿನ ಮರ್ಯಾದೆಯನ್ನು ಕಲಿತದ್ದೂ ಅಲ್ಲೇ.

ಆ ಮರ್ಯಾದೆ ಈ ಊರಿನ ರಸ್ತೆಗಳಲ್ಲಿ ಈಗ ಯಾರಿಗೂ ಬೇಕಾಗಿಲ್ಲ. ಕೆಲಸಕ್ಕೆಂದು ನಾನು ವಡೋದರಾದ ಮಕರಪುರಕ್ಕೆ ಹೋಗಿಬರುವವನು; ತಿಂಗಳಿಗೊಮ್ಮೆ ಸೂರತ್ತಿನ ಕತಾರ್‌ಗಾಮ್‌ವರೆಗೂ. ಮೂರೂ ಊರುಗಳದು ಒಂದೇ ಹೊಲಸು. ಕತ್ತಲಾಯಿತೋ, ಎದುರಿನಿಂದ ಬರುವ ಪ್ರತಿ ಎತ್ತರದ ಕಾರೂ ಮೋರೆಗೆ ಉಗಿದಂತೆ ಬಿಳಿ ಬೆಳಕು ಉಗಿಯುತ್ತದೆ. ದೀಪ ಇಳಿಸಪ್ಪಾ ಎಂದು ಡಿಪ್ಪರ್ ಹೊಡೆದು ಬೇಡಿಕೊಂಡರೆ ಅವನೂ ಡಿಪ್ಪರ್ ಹೊಡೆಯುತ್ತಾನೆ, ಇನ್ನೂ ಜೋರಾಗಿ, ಜಗಳಕ್ಕೆ ಕರೆದಂತೆ. ಬೆಳಕನ್ನು ನೋಡಬೇಡ, ಎಡಗಡೆಯ ಬಿಳಿ ಪಟ್ಟಿಯನ್ನು ನೋಡಿಕೊಂಡು ಓಡಿಸು ಎಂದು ಬಲ್ಲವರು ಹೇಳುತ್ತಾರೆ. ನಾನೂ ಹಾಗೇ ಮಾಡುತ್ತೇನೆ. ಎಷ್ಟೋ ಸಲ ಆ ಪಟ್ಟಿಯ ಮೇಲೆ ಒಂದು ಹಸು ಮಲಗಿರುತ್ತದೆ.

ನನ್ನ ಕಣ್ಣಿನ ಮಾತು ಹಾಗಿರಲಿ. ನನಗೆ ಇವತ್ತಿಗೂ ಹೇಸಿಗೆ ಬರುವುದು ಅಪ್ಪನ ಗುರುವಾರದ ವಿಷಯದಲ್ಲಿ.

ಅಪ್ಪ ಇಲ್ಲಿಯ ಸಂಶೋಧನಾ ಸಂಸ್ಥೆಯೊಂದರಿಂದ ನಿವೃತ್ತನಾದವನು. ಗುರುವಾರ ದೀಪ ಹಚ್ಚುವ ಹೊತ್ತಿಗೆ ನಮ್ಮ ಮನೆಯಲ್ಲಿ ಭಜನೆ. ಒಂದು ಕಾಲಕ್ಕೆ ಹಾಲ್ ತುಂಬ ಜನ ಇರುತ್ತಿದ್ದರು. ವರ್ಗವಾಗಿ ಹೋದವರು ಹೋಗಿ, ತೀರಿಕೊಂಡವರು ತೀರಿಕೊಂಡು, ಅಪ್ಪನ ಜೊತೆ ಹಾಡಲು ಉಳಿದವರು ಇಬ್ಬರೇ. ಗಂಡಂದಿರ ಇಲಾಖೆಯಿಂದಲೇ ಅವರಿಗೆ ಹೆಸರು: ಬ್ಯಾಂಕ್ ಕಾಕು, ರೈಲ್ವೆ ಮಾಮಿ. ಇಬ್ಬರೂ ನದಿಯ ಆಚೆ ಇರುವವರು. ಕತ್ತಲಾದ ಮೇಲೆ ರಿಕ್ಷಾ ಹತ್ತುವುದಿಲ್ಲ ಎಂಬ ಹಟದವರು. ಸಂಜೆ ಅಪ್ಪನೇ ತನ್ನ ಹಳೆಯ ಕಾರಿನಲ್ಲಿ ಕರೆತಂದು, ಭಜನೆಯಾದ ಮೇಲೆ ಬಿಟ್ಟುಬರುತ್ತಿದ್ದ. ಅಮ್ಮ ಹೋದ ಮೇಲೆ ಅಪ್ಪನಿಗೆ ತನ್ನ ವಯಸ್ಸಿನವರ ಜೊತೆ ಕನ್ನಡ ಆಡಲು ಇದ್ದದ್ದು ಅದೊಂದೇ ಸಂಜೆ. ನನ್ನ ಮಕ್ಕಳಂತೂ ಅವನು ಕನ್ನಡದಲ್ಲಿ ಕೇಳಿದ್ದಕ್ಕೆ ಗುಜರಾತಿಯಲ್ಲಿ ಉತ್ತರ ಕೊಡುವ ಪೈಕಿ. ಕಾರು ನಿಂತರೆ ಭಜನೆ ನಿಂತಂತೆ. ಇದು ಅವನಿಗೂ ಗೊತ್ತಿತ್ತು, ನನಗೂ.

ಆ ವರ್ಷ ಆಯುಧಪೂಜೆ ಗುರುವಾರವೇ ಬಂತು. ಅಪ್ಪ ಬೆಳಿಗ್ಗೆ ಕಾರು ತೊಳೆದು, ಮುಂದಿನ ಗಾಜಿನ ಮೇಲೆ ಗಂಧದಿಂದ ಮೂರು ಅಡ್ಡ ಗೀಟು ಎಳೆದು, ಅರಿಶಿನ ಕುಂಕುಮ ಹಚ್ಚಿ, ಹೂವಿನ ಮಾಲೆ ಹಾಕಿ, ಕಾಯಿ ಒಡೆದು ಅದರ ನೀರನ್ನೂ ಚಿಮುಕಿಸಿದ. ದೀಪದ ಎಣ್ಣೆ ಮುಟ್ಟಿದ ಕೈಯಿಂದ ಗಾಜನ್ನು ಮುಟ್ಟಿ ನಮಸ್ಕಾರವನ್ನೂ ಮಾಡಿದ. ಸಂಜೆ ನಾನು ಬಟ್ಟೆ ತೆಗೆದುಕೊಂಡು ಹೋದೆ.

“ಅಪ್ಪಾ, ಗಾಜು ಒರಸ್ತೀನಿ. ರಾತ್ರಿ ಕಾಣೂದಿಲ್ಲ.”

“ಇವತ್ತ ಪೂಜಾ ಮಾಡಿ ಇವತ್ತ ಒರಸ್ತಾರೇನೋ, ಹುಚ್ಚಾ? ನಾಳೆ ಬನ್ನಿ ಕೊಟ್ಟ ಮ್ಯಾಲೆ ಒರಸೋಣ.”

ಅಜ್ಜಿಯ ಕಾಲದಿಂದ ಬಂದ ಪದ್ಧತಿ. ನಾನು ಬಟ್ಟೆ ಮಡಚಿಟ್ಟೆ. ರಜೆ ಇದ್ದುದರಿಂದ ಇಬ್ಬರನ್ನೂ ಬಿಡಲು ನಾನೂ ಹೊರಟೆ. ಓಡಿಸುತ್ತೇನೆ ಎಂದರೆ, ಪೂಜೆ ಮಾಡಿದ ದಿನ ಗಾಡಿಯನ್ನು ಯಜಮಾನನೇ ಓಡಿಸಬೇಕು ಎಂದು ಬೀಗದಕೈ ಕೊಡಲಿಲ್ಲ.

ಹೊರಗೆ ನವರಾತ್ರಿಯ ಕೊನೆಯ ಗರ್ಬಾ. ಊರಿಗೆ ಊರೇ ರಸ್ತೆಯಲ್ಲಿತ್ತು. ಸೇತುವೆ ದಾಟಿದ್ದೇ ತಡ, ಎದುರಿನಿಂದ ಒಂದು ಭಾರಿ ಕಾರು ಬಂತು. ಕಂಪನಿ ಕೊಟ್ಟ ದೀಪ ಸಾಲದೆಂದು ಬಂಪರಿನ ಮೇಲೆ ಉದ್ದನೆಯ ಇನ್ನೊಂದು ಸಾಲು ದೀಪ ಕಟ್ಟಿಸಿಕೊಂಡಿದ್ದ ಪುಣ್ಯಾತ್ಮ. ಆ ಬೆಳಕು ಗಂಧ, ಎಣ್ಣೆ, ಕುಂಕುಮದ ಮೇಲೆ ಬಿದ್ದು ಇಡೀ ಗಾಜು ಸುಣ್ಣ ಬಳಿದ ಗೋಡೆಯಾಯಿತು.

“ಏನೂ ಕಾಣವಲ್ತು,” ಎಂದ ಅಪ್ಪ, ಬ್ರೇಕು ಒತ್ತಿದ. ಬಲಗಡೆಯ ಚಕ್ರ ಡಿವೈಡರಿನ ಅಂಚು ಹತ್ತಿ ಧಡ್ ಎಂದು ನಿಂತಿತು. ಹಿಂದೆ ರೈಲ್ವೆ ಮಾಮಿಯ ಮಡಿಲಲ್ಲಿದ್ದ ಪ್ರಸಾದದ ಡಬ್ಬಿ ಹಾರಿ ಕೋಸಂಬರಿಯೆಲ್ಲ ಬ್ಯಾಂಕ್ ಕಾಕುವಿನ ರೇಷ್ಮೆ ಸೀರೆಯ ಮೇಲೆ ಬಿತ್ತು.

ಯಾರಿಗೂ ಪೆಟ್ಟಾಗಿರಲಿಲ್ಲ. ಎದುರಿನವನು ಆಗಲೇ ಹೋಗಿಯಾಗಿತ್ತು. ನಮ್ಮ ಹಿಂದೆ ನಿಂತವನು ಅಂಥದೇ ಬಿಳಿ ದೀಪವನ್ನು ನಮ್ಮ ಬೆನ್ನಿಗೆ ಉರಿಸಿಟ್ಟುಕೊಂಡೇ ಇಳಿದು ಬಂದ. ಗರ್ಬಾದ ಕನ್ನಡಿ ಹೊಲಿದ ಅಂಗಿ, ಬಾಯಲ್ಲಿ ಅಡಿಕೆ-ತಂಬಾಕಿನ ಮಸಾಲೆ.

“ಕಾಕಾ, ದೇಖಾತುಂ ನಥಿ?” ಕಣ್ಣು ಕಾಣೂದಿಲ್ಲೇನು ಎಂದು ಕೇಳುತ್ತಿದ್ದ.

ಅಪ್ಪ ಸ್ಟೀರಿಂಗಿನಿಂದ ಕೈ ತೆಗೆಯದೆ ಹೇಳಿದ: “ನಥಿ ದೇಖಾತುಂ, ಭಾಯಿ. ತಮಾರಿ ಲೈಟ್‌ಮಾ ಕಶುಂ ಜ ದೇಖಾತುಂ ನಥಿ.” ನಿಮ್ಮ ಬೆಳಕಿನಲ್ಲಿ ಏನೇನೂ ಕಾಣಿಸುವುದಿಲ್ಲ.

ಅವನು ನಕ್ಕು, ಮಸಾಲೆ ಉಗಿದು ಹೋದ. ಉಗಿದದ್ದು ನಮ್ಮ ಕಾರಿನ ಪಕ್ಕದಲ್ಲೇ, ಹೂವಿನ ಮಾಲೆ ಹಾಕಿದ ಕಾರಿನ ಪಕ್ಕದಲ್ಲಿ. ನೀರಿನ ಬಾಟಲಿಯಿಂದ ಗಾಜು ತೊಳೆದು, ಉಳಿದ ದಾರಿ ನಾನು ಓಡಿಸಿದೆ. ಪೂಜೆಯನ್ನು ಅದೇ ದಿನ ಒರೆಸಲು ಅಪ್ಪನೇ ತನ್ನ ಕರವಸ್ತ್ರ ಕೊಟ್ಟ. ನನಗೆ ಹೆದರಿಕೆಯಾದದ್ದು ಅದಕ್ಕೇ.

ಹಬ್ಬ ಮುಗಿದ ಮೇಲೆ, ನಮ್ಮ ಕಾರಿಗೂ ಜೋರು ದೀಪ ಹಾಕಿಸೋಣವೆಂದು, ಅಪ್ಪನನ್ನು ಕರೆದುಕೊಂಡು ಕಾರಿನ ದೀಪ ಮಾರುವ ಅಂಗಡಿಗೆ ಹೋದೆ. ಅಂಗಡಿಯವನು ಒಂದು ಜೋಡಿ ತಂದು ಅಲ್ಲೇ ವೈರು ತಾಗಿಸಿ ಹೊತ್ತಿಸಿದ. ರಸ್ತೆಯಾಚೆ ಇಸ್ತ್ರಿ ಗಾಡಿಯ ಮುದುಕ ಮುಂಗೈಯಿಂದ ಕಣ್ಣು ಮುಚ್ಚಿಕೊಂಡ. ಹಾಡುಹಗಲು, ನೆನಪಿರಲಿ.

“ಇದು ಎದುರಿನವರಿಗೆ ಚುಚ್ಚೋದಿಲ್ಲವಾ?” ಎಂದು ಹಿಂದಿಯಲ್ಲಿ ಕೇಳಿದೆ.

“ಸಾಮ್ನೇವಾಲಾ ಅಂಧಾ ಹೋ, ಆಪ್‌ಕೋ ಕ್ಯಾ?” ಎದುರಿನವನು ಕುರುಡಾದರೆ ನಿಮಗೇನು! ಸಕ್ಕರೆ ಹಾಕಲೇ ಚಹಾಕ್ಕೆ ಎನ್ನುವಷ್ಟು ಸಲೀಸಾಗಿ ಹೇಳಿದ. ಈ ರಸ್ತೆಗಳ ಧರ್ಮವನ್ನೆಲ್ಲ ಒಂದು ಸಾಲಿನಲ್ಲಿ ಕೇಳಿದಂತಾಯಿತು.

ಅಪ್ಪ ಇಸ್ತ್ರಿಯವನನ್ನೇ ನೋಡುತ್ತಿದ್ದ. “ಬ್ಯಾಡ ನಡಿ. ಅಜ್ಜಿ ಇದ್ದಿದ್ರ ನಿನ್ನ ಕೈಮ್ಯಾಲೆ ಹೊಡೀತಿದ್ಳು.” ಮನೆಗೆ ಬಂದು ಬೀಗದಕೈಯನ್ನು ಮೊಳೆಗೆ ತೂಗುಹಾಕಿದ. “ಕತ್ತಲಾದ ಮ್ಯಾಲೆ ನಾ ಇನ್ನ ಓಡಸೂದಿಲ್ಲ. ಅವರಿಬ್ಬರ ಜೀವ ನನ್ನ ಕೈಯಾಗ ಬ್ಯಾಡ.”

ಗುರುವಾರ ನಾನು ಮಕರಪುರದಿಂದ ಬರುವಷ್ಟರಲ್ಲಿ ರಾತ್ರಿಯಾಗಿರುತ್ತಿತ್ತು. ಬೇರೆ ಡ್ರೈವರ್ ಎಂದರೆ ಮಾಮಿ ಒಪ್ಪಲಿಲ್ಲ. ಎರಡು ಗುರುವಾರ ಅಪ್ಪ ಒಬ್ಬನೇ ತಾಳ ಹಿಡಿದು ಕೂತ. ಮೂರನೆಯದರ ಹಿಂದಿನ ದಿನ ಕಾಕುವಿನ ಫೋನು ಬಂತು. ಮಾಮಿಯೂ ಅವರ ಮನೆಯಲ್ಲೇ ಇದ್ದರು. ಅಪ್ಪ ಸ್ಪೀಕರ್ ಹಾಕಿದ.

“ರಾಯರ, ಹಗಲಿನ್ಯಾಗ ಬಂದು ಕರ್ಕೊಂಡು ಹೋಗ್ರಿ. ನಾಕಕ್ಕ ಭಜನಿ ಮಾಡೋಣ.”

“ಮೂರುಸಂಜಿ ಆಗದ ದೀಪ ಹಚ್ಚೋದ್ರೀ?” ಎಂದು ಮಾಮಿಯ ದನಿ ನಡುವೆ ಬಂತು.

“ಪರದೆ ಎಳದ್ರ ಆತು. ದೇವರೇನು ಕಿಡಕ್ಯಾಗ ಬಗ್ಗಿ ಗಡಿಯಾರ ನೋಡ್ತಾನೇನು? ಸೀರಿಗೆ ಕೋಸಂಬರಿ ಚೆಲ್ಲಿಸ್ಕೊಂಡಾಕಿ ನಾನು, ನಾ ಹೇಳ್ತೀನಿ.”

ಈಗ ಗುರುವಾರ ನಾಲ್ಕಕ್ಕೆ, ಹೊರಗೆ ಅಹಮದಾಬಾದಿನ ಬಿಸಿಲು ಕಾಯುತ್ತಿರುವಾಗ, ನಮ್ಮ ಹಾಲಿನ ಪರದೆಗಳನ್ನು ಎಳೆದು ದೀಪ ಹಚ್ಚುತ್ತಾರೆ. ರಜೆ ಸಿಕ್ಕ ಒಂದು ದಿನ ನಾನೂ ಕೂತಿದ್ದೆ. ದಪ್ಪ ಪರದೆಯ ಹಿಂದೆ ಮೂವರೂ ಬೆವರುತ್ತ ಹಾಡಿದರು. ಚೆನ್ನಾಗಿಯೇ ಹಾಡಿದರು. ಹಾಡು ಮುಗಿದು ಆರತಿ ಎತ್ತುತ್ತಿದ್ದಂತೆ ಅಪ್ಪ ಪರದೆಯ ಸಂದಿಯಿಂದ ಹೊತ್ತು ನೋಡಿದ.

“ಏಳ್ರಿ ವೈನಿ, ಇಬ್ಬರೂ ಲಗೂ ಏಳ್ರಿ. ಇನ್ನ ರಸ್ತ್ಯಾಗ ಅವರು ದೀಪ ಹಚ್ತಾರ.”

ಮಾಮಿ ಮಂಗಳಾರತಿಯ ತಟ್ಟೆಯನ್ನು ಅರ್ಧಕ್ಕೇ ಕೆಳಗಿಟ್ಟು ಚಪ್ಪಲಿ ಹುಡುಕತೊಡಗಿದರು.